ಬಡಗಿಯ ಪಾರ್ಟು

1837ರ ಡಿಸೆಂಬರ್ 22ರ ರಾತ್ರಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ‘ತ್ಸಾರ್ ಮತ್ತು ಬಡಗಿ’ ಎಂಬ ಹೊಸ ಅಪೆರಾ ರಂಗಕ್ಕೆ ಬಂತು. ಹಳೆಯ ನಾಟಕವೊಂದರಿಂದ ಕಥೆ ಎತ್ತಿಕೊಂಡು ಮಾತು, ಹಾಡು, ಸಂಗೀತ ಎಲ್ಲವನ್ನೂ ಹೆಣೆದವನು ಆಲ್ಬರ್ಟ್ ಲೋರ್ಟ್ಸಿಂಗ್. ಆ ಹೊತ್ತಿನಲ್ಲಿ ಅವನು ವಾದ್ಯಮೇಳದ ಮುಂದೆ ಕೋಲು ಹಿಡಿದು ನಿಂತಿರಲಿಲ್ಲ, ಗಣ್ಯರ ಸಾಲಿನಲ್ಲಿ ಕುಳಿತೂ ಇರಲಿಲ್ಲ. ಮುಖಕ್ಕೆ ಬಣ್ಣ ಹಚ್ಚಿಕೊಂಡು, ಪೀಟರ್ ಇವಾನೊವ್ ಎಂಬ ಬಡಗಿಯ ಪಾರ್ಟಿನಲ್ಲಿ ರಂಗದ ಮೇಲಿದ್ದ. ಬಡಗಿಗಳಿಗೆಲ್ಲ ಯಜಮಾನಿಯಾದ ವಿಧವೆ ಬ್ರೌವೆಯ ಪಾತ್ರ ಮಾಡಿದ್ದು ಅವನ ಹೆತ್ತ ತಾಯಿ.

ರಷ್ಯಾದ ದೊರೆ ಪೀಟರ್ ಹೆಸರು ಮರೆಸಿಕೊಂಡು ಹಾಲೆಂಡಿನ ಹಡಗುಕಟ್ಟೆಯಲ್ಲಿ ಕೊಡಲಿ ಹಿಡಿದು ದುಡಿದದ್ದು ಚರಿತ್ರೆ. ಅದೇ ಕಟ್ಟೆಯಲ್ಲಿ ರಷ್ಯಾದ ಸೇನೆಯಿಂದ ಓಡಿಬಂದ ಇನ್ನೊಬ್ಬ ಪೀಟರ್ ಇದ್ದ ಎಂಬುದು ಕಟ್ಟುಕಥೆ. ಊರಿನ ಮೇಯರ್ ವಾನ್ ಬೆಟ್‌ಗೆ ತಾನು ಮಹಾ ಬುದ್ಧಿವಂತನೆಂಬ ಭ್ರಮೆ. ಅವನು ಸೈನಿಕನನ್ನೇ ದೊರೆಯೆಂದು ನಂಬಿಬಿಡುತ್ತಾನೆ. ಸರಳ ಕಥೆ. ಆದರೆ ಮೂರನೆಯ ಅಂಕದಲ್ಲಿ ಆ ಮೇಯರ್ ದೊರೆಯ ಸ್ವಾಗತಕ್ಕೆಂದು ತಾನೇ ಒಂದು ಹಾಡು ರಚಿಸಿ ಊರಿನವರನ್ನು ಸೇರಿಸಿ ತಾಲೀಮು ಮಾಡಿಸುವ ದೃಶ್ಯವಿದೆ. ಒಬ್ಬರು ಮುಂದೆ ಓಡುತ್ತಾರೆ, ಒಬ್ಬರು ಹಿಂದೆ ಬೀಳುತ್ತಾರೆ, ಮೇಯರ್ ಬೆವರುತ್ತಾನೆ. ಎಷ್ಟೋ ಬೆಳಗುಗಳನ್ನು ತಾಲೀಮಿನಲ್ಲಿ ಕಳೆದವನಿಗಷ್ಟೇ ಬರೆಯಲು ಸಾಧ್ಯವಾಗುವ ದೃಶ್ಯ ಅದು. ಹಾಡಲು ಬಾರದವರ ಮೇಲೆ ಅಲ್ಲಿ ತಿರಸ್ಕಾರವಿಲ್ಲ. ಕಲಿಯುವ ಕಷ್ಟವನ್ನು ಒಳಗಿನಿಂದ ಬಲ್ಲವನ ಅಕ್ಕರೆ ಇದೆ.

ಅವನು ಬಲ್ಲವನೇ ಆಗಿದ್ದ. 1801ರಲ್ಲಿ ಅವನು ಹುಟ್ಟಿದಾಗ ತಂದೆತಾಯಿ ಬರ್ಲಿನ್ನಿನಲ್ಲಿ ಚರ್ಮದ ವ್ಯಾಪಾರ ಮಾಡುತ್ತಿದ್ದರು. ಇಬ್ಬರಿಗೂ ನಾಟಕದ ಹುಚ್ಚು. ಸಂಜೆ ಹೊತ್ತು ಹವ್ಯಾಸಿ ಸಂಘದಲ್ಲಿ ಆಡುತ್ತಿದ್ದವರು ಕೊನೆಗೆ ಅಂಗಡಿ ಮುಚ್ಚಿ, ಮಗನನ್ನು ಕರೆದುಕೊಂಡು ಊರೂರು ತಿರುಗುವ ಕಂಪನಿಗಳನ್ನು ಸೇರಿದರು. ಸಂಗೀತದ ಕ್ರಮವಾದ ಪಾಠ ಬರ್ಲಿನ್ನಿನಲ್ಲಿ ರುಂಗೆನ್‌ಹಾಗೆನ್ ಎಂಬ ಗುರುವಿನ ಬಳಿ ಸ್ವಲ್ಪ ಕಾಲ ಸಿಕ್ಕಿದ್ದಷ್ಟೇ. ಮಿಕ್ಕ ವಿದ್ಯೆಯೆಲ್ಲ ಕಂಪನಿಯದು. ಬಾಲಪಾತ್ರಗಳು, ಆಮೇಲೆ ಪ್ರೇಮಿಯ ಪಾತ್ರಗಳು, ಹಾಡು, ಮಾತು, ಬೇಕೆಂದಾಗ ಚೆಲ್ಲೊ. ಮದುವೆಯಾದದ್ದೂ ರೋಸಿನಾ ರೆಗೀನೆ ಎಂಬ ನಟಿಯನ್ನು. ಅವರಿಗೆ ಹುಟ್ಟಿದ ಮಕ್ಕಳು 11. ಡೆಟ್ಮೋಲ್ಡಿನ ರಂಗಮಂದಿರದಲ್ಲಿದ್ದಾಗ, 1829ರಲ್ಲಿ, ಗ್ರಾಬೆ ಬರೆದ ‘ಡಾನ್ ಹುವಾನ್ ಮತ್ತು ಫೌಸ್ಟ್’ ನಾಟಕದ ಮೊದಲ ಪ್ರಯೋಗಕ್ಕೆ ಸಂಗೀತವನ್ನೂ ಬರೆದ, ಡಾನ್ ಹುವಾನ್ ಆಗಿಯೂ ನಿಂತ. ಯಾವ ಪದದ ಮೇಲೆ ಹಾಡುಗಾರನ ಉಸಿರು ಮುಗಿಯುತ್ತದೆ, ಮಾತು ನಿಂತು ಹಾಡು ಯಾವಾಗ ಎದ್ದರೆ ಜನ ಒಪ್ಪುತ್ತಾರೆ ಎಂಬುದು ಅವನಿಗೆ ಮೈಯಲ್ಲೇ ಗೊತ್ತಿತ್ತು. ಮಾತಿನ ನಡುನಡುವೆ ಹಾಡು ಬರುವ ಹಗುರ ಜಾತಿಯ ಜರ್ಮನ್ ಅಪೆರಾ ಅವನ ಕೈಯಲ್ಲಿ ಅಷ್ಟು ಸಲೀಸಾಗಿ ಹರಿದದ್ದು ಅದರಿಂದ.

‘ಹಗುರ’ ಎಂಬ ಮಾತೇ ಅವನ ಹೆಸರಿಗೆ ಅಂಟಿಕೊಂಡಿತು. ಬೀಥೋವನ್, ವೇಬರ್, ವಾಗ್ನರ್ ಎಂದು ಹೆಸರು ಹೇಳಿಕೊಂಡು ಹೋಗುವಾಗ ಲೋರ್ಟ್ಸಿಂಗ್‌ನನ್ನು ದಾಟಿಬಿಡುತ್ತಾರೆ. ಜರ್ಮನ್ ಮಾತಾಡುವ ನಾಡುಗಳ ಆಚೆ ಅವನನ್ನು ಕೇಳಿದವರೇ ಕಡಿಮೆ. ನನ್ನ ಮನಸ್ಸು ನಿಲ್ಲುವುದು ಬೇರೆ ಕಡೆ. ಅವನ ರಂಗದ ಮೇಲೆ ಯಾರು ನಿಂತಿದ್ದಾರೆ ನೋಡಿ. ಹಡಗು ಕಟ್ಟುವ ಬಡಗಿಗಳು. 1840ರಲ್ಲಿ, ಅಚ್ಚಿನ ಕಲೆಗೆ 400 ವರ್ಷ ತುಂಬಿದ ಉತ್ಸವಕ್ಕೆ ಬರೆದ ಅಪೆರಾದಲ್ಲಿ, ಕವಿಯೂ ಆಗಿದ್ದ ಚಮ್ಮಾರ ಹಾನ್ಸ್ ಸಾಕ್ಸ್. ವಾಗ್ನರ್ ಅದೇ ಚಮ್ಮಾರನನ್ನು ರಂಗಕ್ಕೆ ತಂದದ್ದು 28 ವರ್ಷಗಳ ನಂತರ. 1846ರಲ್ಲಿ ಆಯುಧ ಮಾಡುವ ಕಮ್ಮಾರ. ‘ಉಂಡಿನೆ’ಯಂಥ ಜಲಕನ್ಯೆಯ ಕಥೆಯನ್ನೂ ಅವನು ಮಾಡಿದ, ಚೆನ್ನಾಗಿಯೇ ಮಾಡಿದ. ಆದರೂ ಅವನ ಜೀವ ಇದ್ದದ್ದು ಕೈಕೆಲಸದವರ ನಡುವೆ.

1842ರ ಕೊನೆಯ ದಿನ ರಂಗಕ್ಕೆ ಬಂದ ‘ಡೆರ್ ವಿಲ್ಟ್‌ಷ್ಯುಟ್ಸ್’ (ಕಳ್ಳಬೇಟೆಗಾರ) ಅಪೆರಾದಲ್ಲಿ ಬಾಕುಲಸ್ ಎಂಬ ಬಡ ಶಾಲಾ ಮೇಷ್ಟರಿದ್ದಾನೆ. ಜಹಗೀರುದಾರನ ಕಾಡಿನಲ್ಲಿ ಜಿಂಕೆಗೆ ಗುಂಡು ಹಾರಿಸಿದ ತಪ್ಪಿಗೆ ಅವನ ನೌಕರಿಗೆ ಕುತ್ತು ಬಂದಿದೆ. ಮದುವೆಯಾಗಬೇಕಿದ್ದ ಹುಡುಗಿಯನ್ನು ಬಿಟ್ಟುಕೊಟ್ಟರೆ 5000 ಟಾಲರ್ ಕೊಡುತ್ತೇನೆ ಎಂದು ಒಬ್ಬರು ಹೇಳುತ್ತಾರೆ. ಬಾಕುಲಸ್ ಒಬ್ಬನೇ ನಿಂತು ಆ ಮೊತ್ತವನ್ನು ಬಾಯಲ್ಲಿ ಹೊರಳಿಸಿ ಹೊರಳಿಸಿ ಹಾಡುತ್ತಾನೆ. ಅಷ್ಟು ಹಣದಲ್ಲಿ ಏನೆಲ್ಲ ಆಗಬಹುದೆಂದು ಕನಸು ಕಟ್ಟುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ. ನನಗೂ ನಗು ಬರುತ್ತದೆ, ಅದರ ಬೆನ್ನಿಗೇ ಸಂಕಟವೂ ಆಗುತ್ತದೆ. ಆ ಹಾಡನ್ನು ಬರೆದವನ ಮನೆಯಲ್ಲೂ ದುಡ್ಡಿನ ಲೆಕ್ಕ ಎಂದೂ ಮುಗಿಯಲಿಲ್ಲ.

ಕಾರಣ ಅವನ ಸೋಮಾರಿತನವಲ್ಲ, ದುಂದುಗಾರಿಕೆಯೂ ಅಲ್ಲ. ಆಗಿನ ಜರ್ಮನ್ ನಾಡುಗಳಲ್ಲಿ ರಂಗಮಂದಿರವೊಂದು ಅಪೆರಾದ ಪ್ರತಿಯನ್ನು ಒಂದು ಸಲ ಕೊಂಡರೆ ಮುಗಿಯಿತು. ಆಮೇಲೆ ಹತ್ತು ಸಲ ಆಡಲಿ, ನೂರು ಸಲ ಆಡಲಿ, ಬರೆದವನಿಗೆ ಬಿಡಿಗಾಸಿಲ್ಲ. ಫ್ರಾನ್ಸಿನಲ್ಲಿ 1791ರಲ್ಲೇ ಪ್ರಯೋಗದ ಹಕ್ಕು ಬರೆದವನಿಗೆ ಸಿಕ್ಕಿತ್ತು. 1839ರಲ್ಲಿ ‘ತ್ಸಾರ್ ಮತ್ತು ಬಡಗಿ’ ಬರ್ಲಿನ್ನನ್ನು ಗೆದ್ದು, ಅಲ್ಲಿಂದ ಊರಿಂದೂರಿಗೆ ಹಬ್ಬಿತು. ಅದನ್ನು ಬರೆದವನು ಮಾತ್ರ ಹೊಟ್ಟೆಪಾಡಿಗೆ ತಿಂಗಳ ಸಂಬಳವನ್ನೇ ನೆಚ್ಚಿಕೊಂಡಿದ್ದ. 1844ರಲ್ಲಿ ಲೈಪ್‌ಜಿಗ್‌ನಲ್ಲಿ ವಾದ್ಯಮೇಳದ ನಿರ್ದೇಶಕನ ಹುದ್ದೆ ಸಿಕ್ಕಿತು, ಮರುವರ್ಷವೇ ಕಳೆದುಹೋಯಿತು. 1846ರಲ್ಲಿ ವಿಯೆನ್ನಾಕ್ಕೆ ಹೋದ. ಅಲ್ಲಿನ ಕೆಲಸ 1848ರಲ್ಲಿ ಹೋಯಿತು.

ಅದೇ 1848ರಲ್ಲಿ ವಿಯೆನ್ನಾದ ಬೀದಿಗಳಲ್ಲಿ ಕ್ರಾಂತಿ ಎದ್ದಾಗ ಅವನು ‘ರೆಗೀನಾ’ ಬರೆದ. ಹೆಂಡತಿಯ ಹೆಸರನ್ನೇ ನಾಯಕಿಗೆ ಇಟ್ಟ. ಪಠ್ಯವೂ ಅವನದೇ. ಪರದೆ ಎದ್ದರೆ ಎದುರಿಗೆ ಕಾಣುವುದು ಕಾರ್ಖಾನೆ, ತಮ್ಮ ಪಾಲು ಕೇಳಿ ಕೆಲಸ ನಿಲ್ಲಿಸಿದ ಕಾರ್ಮಿಕರು. ಆ ಕಾಲದ ಅಪೆರಾದಲ್ಲಿ ಮೇಳದವರೆಂದರೆ ಬೇಟೆಗಾರರು, ಸೈನಿಕರು, ಹಬ್ಬದ ಹಳ್ಳಿಗರು. ಮುಷ್ಕರ ಹೂಡಿದ ಕೂಲಿಕಾರರ ಬಾಯಿಗೆ ಮೇಳಗಾನ ಕೊಟ್ಟ ಧೈರ್ಯ ದೊಡ್ಡದು. ಬಡಗಿ, ಚಮ್ಮಾರ, ಕಮ್ಮಾರರ ಜೊತೆ ಅಷ್ಟು ವರ್ಷ ನಡೆದವನು ಕೊನೆಗೆ ಬಂದು ಸೇರಬೇಕಾದ ಜಾಗ ಇದೇ ಎಂದು ನನಗೆ ಅನ್ನಿಸುತ್ತದೆ.

‘ರೆಗೀನಾ’ ಅಲ್ಲಿ ರಂಗಕ್ಕೆ ಬರಲೇ ಇಲ್ಲ. ಅಕ್ಟೋಬರಿನಲ್ಲಿ ಸೇನೆ ನಗರವನ್ನು ಹಿಡಿಯಿತು. ನವೆಂಬರ್ 9ರಂದು ರಾಬರ್ಟ್ ಬ್ಲುಮ್‌ನನ್ನು ಗುಂಡಿಟ್ಟು ಕೊಂದರು. ಬ್ಲುಮ್ ಜರ್ಮನ್ ಸಂಸತ್ತಿನ ಸದಸ್ಯ. ಅದಕ್ಕೆ ಮೊದಲು ಲೈಪ್‌ಜಿಗ್ ರಂಗಮಂದಿರದ ಕಾರ್ಯದರ್ಶಿಯಾಗಿದ್ದವನು, ಲೋರ್ಟ್ಸಿಂಗ್‌ನ ಗೆಳೆಯ, ಅವನಿಗಾಗಿ ಒಂದು ಅಪೆರಾದ ಪಠ್ಯವನ್ನೂ ಬರೆದುಕೊಟ್ಟವನು. ಅಂಥ ಗೆಳೆಯ ಸತ್ತ ಊರಿನಲ್ಲಿ ನಿರುದ್ಯೋಗಿಯಾಗಿ ಸಂಸಾರ ಸಾಕಬೇಕಿದ್ದವನ ದಿನಗಳು ಹೇಗಿದ್ದಿರಬೇಕು!

1850ರಲ್ಲಿ ಬರ್ಲಿನ್ನಿನ ಒಂದು ಹೊಸ ರಂಗಮಂದಿರದಲ್ಲಿ ಮತ್ತೆ ಕೆಲಸ ಸಿಕ್ಕಿತು. ನಾಡೆಲ್ಲ ಅವನ ಅಪೆರಾಗಳನ್ನು ಆಡುತ್ತಿತ್ತು. ಅವನು ಅಲ್ಲಿ ಪ್ರಹಸನಗಳಿಗೆ ವಾದ್ಯಮೇಳ ನಡೆಸುತ್ತಿದ್ದ. ಕೊನೆಯ ಕೃತಿ ಒಂದೇ ಅಂಕದ ‘ಅಪೆರಾ ತಾಲೀಮು’. ಮತ್ತೆ ತಾಲೀಮಿನ ಕಥೆಯೇ: ಸಂಗೀತದ ಹುಚ್ಚಿನ ಜಹಗೀರುದಾರನೊಬ್ಬ ತನ್ನ ಆಳುಗಳೆಲ್ಲರಿಂದ ಹಾಡಿಸುತ್ತಾನೆ, ನುಡಿಸುತ್ತಾನೆ. 1851ರ ಜನವರಿ 20ರಂದು ಅದು ಫ್ರಾಂಕ್‌ಫರ್ಟಿನಲ್ಲಿ ಮೊದಲ ಪ್ರಯೋಗ ಕಂಡಿತು. ಮರುದಿನ ಬರ್ಲಿನ್ನಿನಲ್ಲಿ ಲೋರ್ಟ್ಸಿಂಗ್ ತೀರಿಕೊಂಡ. ಆಗ ಅವನಿಗೆ 49 ವರ್ಷ. ಅವನ ಕುಟುಂಬಕ್ಕಾಗಿ ರಂಗಮಂದಿರಗಳು ಸಹಾಯಾರ್ಥ ಪ್ರಯೋಗಗಳನ್ನು ಮಾಡಿದವು.

ಪ್ರಯೋಗದ ಹಕ್ಕನ್ನು ಬರೆದವನಿಗೆ ಕೊಡುವ ಕಾಯ್ದೆ ಉತ್ತರ ಜರ್ಮನಿಗೆ 1870ರಲ್ಲಿ ಬಂತು. ‘ರೆಗೀನಾ’ ರಂಗ ಕಂಡದ್ದು 1899ರಲ್ಲಿ, ಬರ್ಲಿನ್ನಿನ ದೊರೆಯ ಅಪೆರಾ ಮನೆಯಲ್ಲಿ. ಅಲ್ಲಿ ಸ್ವರಗಳು ಲೋರ್ಟ್ಸಿಂಗ್‌ನವು, ಕಥೆ ಮಾತ್ರ ಬೇರೆಯವರು ತಿದ್ದಿದ್ದು. ಮುಷ್ಕರವನ್ನು ಕಿತ್ತುಹಾಕಿ, ನೆಪೋಲಿಯನ್ನನ ವಿರುದ್ಧದ ಯುದ್ಧಕಾಲದ ದೇಶಭಕ್ತಿಯ ಕಥೆಯನ್ನು ಅದಕ್ಕೆ ತೊಡಿಸಿದ್ದರು. ಕೂಲಿ ಕೇಳಲೆಂದು ಅವನು ಕಟ್ಟಿದ ಮೇಳಗಾನ ಅಲ್ಲಿ ಬೇರೆ ಮಾತಿಗೆ ದುಡಿಯಿತು. ಅವನು ಬರೆದಂತೆಯೇ ಅದನ್ನು ಆಡಲು ಜರ್ಮನ್ ರಂಗಭೂಮಿಗೆ ಅಲ್ಲಿಂದ ಮುಂದೆ ಇನ್ನೂ ದಶಕಗಳೇ ಹಿಡಿದವು.