ಇಂದಿನ ಧಮ್ಮ ಚಿಂತನೆ: ಮುಗಿಯದ ಕುಟಿ



ವಿನಯಪಿಟಕದಲ್ಲಿ ಆಳವಿ ಎಂಬ ಊರಿನ ಭಿಕ್ಖುಗಳ ಪ್ರಸಂಗವೊಂದಿದೆ. ಅವರು ತಮ್ಮ ವಾಸಕ್ಕೆ ಕುಟಿಗಳನ್ನು ಕಟ್ಟಿಸತೊಡಗಿದರು. ಖರ್ಚು ವಹಿಸಿಕೊಳ್ಳುವ ದಾನಿ ಇರಲಿಲ್ಲ, ಎಲ್ಲವನ್ನೂ ಊರವರಿಂದ ಬೇಡಿಯೇ ತರಬೇಕಿತ್ತು. ಕುಟಿ ಎಷ್ಟು ದೊಡ್ಡದಿರಬೇಕೆಂಬ ಅಳತೆಯೂ ಇರಲಿಲ್ಲ. ಹಾಗಾಗಿ ಕೆಲಸ ಮುಗಿಯಲೇ ಇಲ್ಲ. ಆಳು ಕೊಡಿ, ಎತ್ತು ಕೊಡಿ, ಗಾಡಿ ಕೊಡಿ, ಬಿದಿರು, ಹುಲ್ಲು, ಮಣ್ಣು ಕೊಡಿ ಎಂದು ಬೇಡಿಕೆ ಬೆಳೆಯುತ್ತಲೇ ಹೋಯಿತು. ಜನ ಬೇಸತ್ತು ಭಿಕ್ಖುಗಳನ್ನು ಕಂಡರೆ ಬಾಗಿಲು ಹಾಕಿಕೊಂಡರು. ಹಸು ಕಂಡರೂ ಭಿಕ್ಖುವೇ ಬಂದನೆಂದು ಓಡಿದರಂತೆ!

ಬುದ್ಧರು ಕುಟಿಯೇ ಬೇಡವೆನ್ನಲಿಲ್ಲ. ಬೇಡಿ ಕಟ್ಟುವ ಕುಟಿ ಸುಗತನ ಗೇಣಿನಲ್ಲಿ 12 ಗೇಣು ಉದ್ದ, 7 ಗೇಣು ಅಗಲ ಮೀರಬಾರದು, ಮೊದಲೇ ಜಾಗವನ್ನು ಇತರ ಭಿಕ್ಖುಗಳಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು ಎಂದು ನಿಯಮ ಮಾಡಿದರು. ಅದರ ಮುಂದಿನ ನಿಯಮವನ್ನೂ ಗಮನಿಸಿ: ದಾನಿಯಿದ್ದರೆ ವಿಹಾರ ದೊಡ್ಡದಿರಬಹುದು, ಆದರೆ ಜಾಗವನ್ನು ತೋರಿಸಲೇಬೇಕು. ಅಂದರೆ ದೊಡ್ಡದಾಗಿ ಕಟ್ಟುವುದು ತಪ್ಪಲ್ಲ. ಬೆಳೆಯುವ ಕೆಲಸದ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂಬುದೇ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ, ನಾನಿದ್ದ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯದ ದುರಸ್ತಿಗೆಂದು ಹಣ ಕೂಡಿಸಿದೆವು. ಲೆಕ್ಕ ಬರೆಯುವ ಹೊಣೆ ನನ್ನದು. ಕೆಲಸ ಶುರುವಾದ ಮೇಲೆ, "ಹೇಗೂ ಗಾರೆಯವರು ಬಂದಿದ್ದಾರಲ್ಲ ಮೇಷ್ಟ್ರೇ, ವೇದಿಕೆಗೂ ಒಂಚೂರು ಸಿಮೆಂಟ್ ಹಾಕಿಸಿಬಿಡಿ" ಎಂದರು ಹಿರಿಯರೊಬ್ಬರು. ಹಳೆಯ ವಿದ್ಯಾರ್ಥಿಗಳು ಗೇಟಿಗೆ ಕಮಾನು ಬೇಕೆಂದರು. ಎಲ್ಲರೂ ಶಾಲೆಯ ಮೇಲಿನ ಪ್ರೀತಿಯಿಂದಲೇ ಕೇಳಿದ್ದು. ನಾನು ಎಲ್ಲದಕ್ಕೂ ಹೂಂ ಎಂದೆ. ಕಮಾನು ಎದ್ದು ನಿಂತಿತು, ಹಣ ಮುಗಿಯಿತು, ಶೌಚಾಲಯಕ್ಕೆ ಬಾಗಿಲು ಬರಲಿಲ್ಲ. ಜೂನ್ ತಿಂಗಳಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಬಾಗಿಲು ಯಾವಾಗ ಹಾಕಿಸ್ತೀರಾ?"

ಅಂದು ನಾನು ಹೂಂ ಎಂದದ್ದು ಒಳ್ಳೆಯತನವೆಂದೇ ತಿಳಿದಿದ್ದೆ. ನಿಜದಲ್ಲಿ ಅದು ಎದುರಿಗಿದ್ದವರ ಕಣ್ಣಿಗೆ ಒಳ್ಳೆಯವನಾಗುವ ಆಸೆ, ಅದೂ ಒಂದು ತಣ್ಹಾ. ಕೇಳಿದವರು ಸಭೆಯಲ್ಲಿದ್ದರು, ಬೆಲೆ ತೆತ್ತ ಮಕ್ಕಳು ಅಲ್ಲಿರಲಿಲ್ಲ.

ಹಾಗೆಂದು ಯೋಜನೆ ಬದಲಾಗಲೇಬಾರದೆಂದಲ್ಲ. ಅಗೆಯುವಾಗ ಬಂಡೆ ಸಿಕ್ಕರೆ ಗುಂಡಿಯ ಜಾಗ ಬದಲಿಸಬೇಕು. ಅದು ಮೊದಲ ಮಾತನ್ನು ಉಳಿಸಿಕೊಳ್ಳಲು ಮಾಡುವ ಬದಲಾವಣೆ. ಕಮಾನು ಹಾಗಲ್ಲ, ಅದು ಮೊದಲ ಮಾತಿನ ಹಣವನ್ನೇ ತಿನ್ನುತ್ತದೆ.

ಈಗ ನಾನು ಮೂರು ಅಭ್ಯಾಸ ಇಟ್ಟುಕೊಂಡಿದ್ದೇನೆ. ಏನು ಮಾಡುತ್ತೇವೆ, ಏನು ಮಾಡುವುದಿಲ್ಲ ಎಂಬುದನ್ನು ಮೊದಲೇ ಬರೆದು ಎಲ್ಲರಿಗೂ ತೋರಿಸುವುದು. ಹೊಸದೇನಾದರೂ ಸೇರಿದರೆ ಅದರ ಹಣ, ದಿನ ಎಲ್ಲಿಂದ ಬರುತ್ತದೆಂದು ಅಲ್ಲೇ ಕೇಳುವುದು. ಉತ್ತರ ಸಿಗದಿದ್ದರೆ, ಆ ಸಲಹೆಯನ್ನು ಗೌರವದಿಂದ ಬೇರೆ ಪುಸ್ತಕದಲ್ಲಿ ಬರೆದಿಟ್ಟು, ಮೊದಲ ಕೆಲಸ ಮುಗಿದ ಮೇಲಷ್ಟೇ ತೆರೆಯುವುದು.

ಆ ಬಾಗಿಲನ್ನು ಮುಂದಿನ ವರ್ಷ ಹಾಕಿಸಿದೆವು. ಆ ಹುಡುಗಿ ಆಗಲೇ ಹೈಸ್ಕೂಲಿಗೆ ಹೋಗಿದ್ದಳು.

ಇಂದು ಯಾವುದಕ್ಕಾದರೂ ಹೂಂ ಎನ್ನುವ ಮುನ್ನ ಒಂದು ಉಸಿರು ನಿಂತು ಕೇಳಿಕೊಳ್ಳೋಣ: ಇದನ್ನು ಯಾರ ಪಾಲಿನಿಂದ ತೆಗೆದು ಕೊಡುತ್ತಿದ್ದೇನೆ?

ಎಲ್ಲರಿಗೂ ಮಂಗಳವಾಗಲಿ.