ತೆರೆ ಮತ್ತು ತೆಱೆ

ಆಷಾಢದ ಗಾಳಿಗೆ ಗುಂಡ್ಲುಪೇಟೆಯ ನಮ್ಮ ಮನೆಯ ಹೆಂಚು ಒಂದೆರಡು ಜರುಗಿದ್ದವು. ಅಟ್ಟ ಹತ್ತಿದವನು ಹೆಂಚು ಸರಿಮಾಡಿ ಸುಮ್ಮನೆ ಇಳಿಯಬೇಕಿತ್ತು. ಮೂಲೆಯಲ್ಲಿ ದೂಳು ಹೊದ್ದು ಕೂತಿದ್ದ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯನ್ನೂ ಇಳಿಸಿಕೊಂಡು ಬಂದೆ. ಒಳಗಿದ್ದದ್ದು ಸಿನಿಮಾ ಸಿ.ಡಿ.ಗಳು. ಇಪ್ಪತ್ತು ವರ್ಷದ ಹಿಂದೆ ಬಸ್ ಸ್ಟ್ಯಾಂಡಿನ ತಳ್ಳುಗಾಡಿಯಲ್ಲಿ, ಚಾಮರಾಜನಗರದ ಸಂತೆಬೀದಿಯಲ್ಲಿ, ಚಿಲ್ಲರೆ ಉಳಿದಾಗಲೆಲ್ಲ ಒಂದೊಂದು ಕೊಂಡು ಸೇರಿಸಿದವು. ಎಣಿಸಿದರೆ ನಲವತ್ತೊಂದು. ಹಾಕಿ ನೋಡುವ ಪ್ಲೇಯರ್ ಕೆಟ್ಟು ಗುಜರಿ ಸೇರಿ ಎಷ್ಟೋ ಕಾಲವಾಗಿದೆ.

ನೋಡಲಾಗದ ಸಿನಿಮಾಗಳನ್ನು ಏನು ಮಾಡುವುದು? ಅಕ್ಕನ ಮಗಳಿಗೆ ಆ ತೊಂದರೆಯೇ ಇರಲಿಲ್ಲ. ಎಲ್ಲವನ್ನೂ ಹಜಾರದ ನೆಲದ ಮೇಲೆ ಇಸ್ಪೀಟಿನಂತೆ ಹರವಿದಳು. “ಯಾವ ಕವರ್ ಚೆನ್ನಾಗಿದೆ ಅಂತ ಕಾಂಪಿಟಿಷನ್ ಇಡೋಣ ಮಾಮ. ಅಜ್ಜಿ, ನೀನು, ನಾನು ಜಡ್ಜು” ಅಂದಳು. ಎಲೆಯಡಿಕೆ ಹಾಕಿಕೊಂಡು ಕೂತಿದ್ದ ಅಜ್ಜಿ ಕನ್ನಡಕ ತರಿಸಿಕೊಂಡಳು. ಜಗತ್ತಿನಲ್ಲಿ ಈ ಆಟವನ್ನು ಬಹಳ ಗಂಭೀರವಾಗಿ ಆಡುವವರಿದ್ದಾರೆ. ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 1984ರಿಂದ ಆಯ್ದ ಚಿತ್ರಗಳಿಗೆ ಹೊಸ ಹೊದಿಕೆ ಬರೆಸಿ, ಡಬ್ಬಿಯ ಬೆನ್ನಿನ ಮೇಲೆ ಕ್ರಮಸಂಖ್ಯೆ ಹಾಕಿ ಮಾರುತ್ತಿದೆ. ಆ ಸಂಖ್ಯೆ ತಪ್ಪದಂತೆ ಕಪಾಟಿನಲ್ಲಿ ಜೋಡಿಸುವವರು, ಡಬ್ಬಿಗೆ ಬೆರಳಚ್ಚು ಬೀಳಬಾರದೆಂದು ಪ್ಲಾಸ್ಟಿಕ್ ಕವಚ ತೊಡಿಸುವವರು, ಮೊಹರು ಒಡೆಯದೆಯೇ ಇಟ್ಟುಕೊಳ್ಳುವವರು ಎಲ್ಲ ಇದ್ದಾರೆ. ನಮ್ಮ ಡಬ್ಬಿಗಳಿಗೆ ಆ ಭಾಗ್ಯವಿಲ್ಲ. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ ಬಿಟ್ಟಾಗ, ಹೊದಿಕೆಯೆಂದರೆ ತೆಳ್ಳನೆಯ ಒಂದು ಚೀಟಿ. ಆದರೂ ತೀರ್ಪು ಕೊಡಲು ಕೂತ ಮೇಲೆ ಆ ಚೀಟಿಗೂ ನ್ಯಾಯ ಸಲ್ಲಬೇಕಲ್ಲ.

ಅಜ್ಜಿಯ ಅಳತೆಗೋಲು ಒಂದೇ, ಮುಖದ ಕಳೆ. ಒಂದೊಂದನ್ನೇ ಬೆಳಕಿಗೆ ಹಿಡಿದು “ಇದ್ರಲ್ಲಿ ಅಣ್ಣಾವ್ರ ಮೊಕಕ್ಕೆ ಜ್ವರ ಬಂದಂಗದೆ ಕನಾ” ಎಂದು ಪಕ್ಕಕ್ಕೆ ಸರಿಸುತ್ತಿದ್ದಳು. ಅವಳ ಮಾತು ಸುಳ್ಳಲ್ಲ. ಆ ಕವರುಗಳಲ್ಲಿ ಗುಲಾಬಿ ಬಣ್ಣ ಒಂದು ಕೂದಲೆಳೆ ಜರುಗಿ ಅಚ್ಚಾಗಿ, ಕೆನ್ನೆಯ ಬಣ್ಣ ಕಿವಿಗೆ ಬಂದಿರುತ್ತಿತ್ತು. ನನಗೆ ಸೋಜಿಗವೆನಿಸಿದ್ದು ಬೇರೆ. ‘ಕಸ್ತೂರಿ ನಿವಾಸ’ 1971ರ ಕಪ್ಪು ಬಿಳುಪು ಚಿತ್ರ. ಅದು ಬಣ್ಣ ತೊಟ್ಟು ಮತ್ತೆ ಚಿತ್ರಮಂದಿರಕ್ಕೆ ಬಂದದ್ದು 2014ರಲ್ಲಿ. ನನ್ನ ಸಿ.ಡಿ. ಅದಕ್ಕೂ ಹಿಂದಿನದು; ಆದರೆ ಕವರಿನ ಮೇಲೆ ಆಗಲೇ ನೀಲಿ ಕೋಟು, ಕೆಂಪು ತುಟಿ, ಹಸಿರು ಪರದೆ. ಕಂಪ್ಯೂಟರಿನ ಮುಂದೆ ಕೂತವರು ಫ್ರೇಮು ಫ್ರೇಮಿಗೂ ಬಣ್ಣ ತುಂಬುವುದಕ್ಕೆ ಮೊದಲೇ ಹೆಸರಿಲ್ಲದ ಯಾರೋ ಒಬ್ಬ, ಯಾವುದೋ ಮುದ್ರಣಾಲಯದ ಮೇಜಿನ ಮೇಲೆ, ಒಂದೇ ಒಂದು ಫ್ರೇಮಿಗೆ ಬಣ್ಣ ಬಳಿದು ಮುಗಿಸಿದ್ದ. ಕೊಂಡವನಿಗೆ ಅದು ಮೋಸ. ಮನೆಗೆ ತಂದು ಹಾಕಿ, ಬೂದು ಬಣ್ಣದ ರಾಜ್‌ಕುಮಾರ್ ನಡೆದು ಬಂದಾಗ ನನಗೂ ಮುಖ ಸಪ್ಪಗಾಗಿದ್ದು ನೆನಪಿದೆ. ಎಷ್ಟು ತಳ್ಳಿದರೂ ಎದ್ದು ನಿಲ್ಲುವ ಆ ಗೊಂಬೆಯ ದೃಶ್ಯ ಬರುವ ಹೊತ್ತಿಗೆ ಬಣ್ಣದ ವಿಚಾರ ಮರೆತೇ ಹೋಗಿತ್ತು. ಕವರು ಕೊಟ್ಟ ಮಾತು ತಪ್ಪಿತ್ತು, ಚಿತ್ರ ತಾನು ಕೊಡದ ಮಾತನ್ನೂ ನಡೆಸಿಕೊಟ್ಟಿತ್ತು.

ಕವರು ಬರೆಯುವವನ ಕಷ್ಟವನ್ನು ಒಂದು ಗಳಿಗೆ ಯೋಚಿಸಿ. ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮಿನಂತೆ ಎರಡೂವರೆ ಗಂಟೆಯ ಚಿತ್ರದಲ್ಲಿ 2,16,000 ಚಿತ್ರಗಳಿರುತ್ತವೆ. ಅದರಲ್ಲಿ ಒಂದನ್ನು ಆರಿಸಿ ಅಂಗೈಯಗಲದ ಕಾಗದದ ಮೇಲೆ ಇಡಬೇಕು. ಮಿಕ್ಕ 2,15,999 ಅದರ ಹಿಂದೆ ಅಡಗಿರಬೇಕು, ಅಡಗಿವೆಯೆಂದು ಗೊತ್ತಾಗಲೂ ಬೇಕು. ನಮ್ಮ ಕವರುಗಳು ಈ ಕಷ್ಟಕ್ಕೆ ಸುಲಭದ ದಾರಿ ಹುಡುಕಿಕೊಂಡವು: ನಾಯಕನ ಮುಖ ದೊಡ್ಡದು, ನಾಯಕಿಯದು ಸಣ್ಣದು, ಕೆಳಗೆ ಒಂದು ಹೊಡೆದಾಟ, ಮೂಲೆಯಲ್ಲಿ ಹಾಸ್ಯನಟ. ಮದುವೆ ಊಟದ ಎಲೆಯಂತೆ ಉಪ್ಪಿನಿಂದ ಪಾಯಸದವರೆಗೆ ಎಲ್ಲವೂ ಒಟ್ಟಿಗೆ. ‘ಬಂಗಾರದ ಮನುಷ್ಯ’ 1972ರದು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಚಿತ್ರ. ಅದರ ಕವರನ್ನು ಕೈಯಲ್ಲಿ ಹಿಡಿದು ನೋಡಿದೆ. ನಗುವ ಮುಖ, ಪೇಟ, ಹೊಲ. ನನ್ನನ್ನು ಕೇಳಿದ್ದರೆ ಕೊನೆಯಲ್ಲಿ ಎಲ್ಲವನ್ನೂ ಬಿಟ್ಟು ನಡೆದುಹೋಗುವ ರಾಜೀವಪ್ಪನ ಬೆನ್ನನ್ನು ಮಾತ್ರ ಇಡುತ್ತಿದ್ದೆ. ಹಾಗೆಂದಾಗ ಅಜ್ಜಿ ಕನ್ನಡಕದ ಮೇಲಿಂದ ನೋಡಿ, “ಬೆನ್ನ ನೋಡಿ ಯಾರ್ಲಾ ದುಡ್ ಕೊಟ್ಟಾರು?” ಅಂದಳು. ಅದೂ ಸರಿಯೇ. ದೇವರ ಉತ್ಸವಮೂರ್ತಿಯನ್ನೂ ನಾವು ಮುಖ ನೋಡಿಯೇ ಕೈ ಮುಗಿಯುವುದು.

ಹೊದಿಕೆಗೆ ಇರುವ ಶಕ್ತಿಯನ್ನು ಚೆನ್ನಾಗಿ ಬಲ್ಲವರೆಂದರೆ ಸತ್ಯಜಿತ್ ರಾಯ್. ಸಿನಿಮಾಕ್ಕೆ ಬರುವ ಮುಂಚೆ ಅವರ ಕಸುಬು ಅದೇ. 1940ರ ದಶಕದಲ್ಲಿ ಕಲ್ಕತ್ತದ ಸಿಗ್ನೆಟ್ ಪ್ರೆಸ್ಸಿಗಾಗಿ ‘ಪಥೇರ್ ಪಾಂಚಾಲಿ’ ಕಾದಂಬರಿಯ ಮಕ್ಕಳ ಆವೃತ್ತಿಗೆ ಚಿತ್ರ ಬರೆಯುವಾಗಲೇ ಅದು ಸಿನಿಮಾ ಆಗಬಹುದೆಂಬ ಕಿಡಿ ಅವರೊಳಗೆ ಬಿದ್ದದ್ದು. ಚಿತ್ರ ಬಂದದ್ದು 1955ರಲ್ಲಿ. ಮೊದಲು ಪುಸ್ತಕದ ಚಿತ್ರ, ಅದರ ಬೆನ್ನಿಗೆ ಸಿನಿಮಾ! 1993ರಲ್ಲಿ ಲಂಡನ್ನಿನ ಪ್ರಯೋಗಾಲಯದ ಬೆಂಕಿಯಲ್ಲಿ ಅಪು ಚಿತ್ರತ್ರಯದ ಮೂಲ ನೆಗೆಟಿವ್‌ಗಳು ಸುಟ್ಟು ಕರಕಾದವು. ಉಳಿದದ್ದನ್ನು ಬೊಲೊನ್ಯಾದ ಕುಶಲಿಗಳು ಬಿಡಿಸಿ, ಸೇರಿಸಿ, ತೊಳೆದು 2015ರಲ್ಲಿ ಮತ್ತೆ ತೆರೆಗೆ ತಂದರು. ಆ ಚಿತ್ರಗಳು ಗಟ್ಟಿ ಪೆಟ್ಟಿಗೆಯಲ್ಲಿ ಕೂತವು. ನಮ್ಮ ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವೂ ಹಾಗೆ ಹೊಸ ಜೀವ ಪಡೆದು 2024ರಲ್ಲಿ ವೆನಿಸ್‌ಗೆ ಹೋಯಿತು. ಅದಕ್ಕೊಂದು ಪೆಟ್ಟಿಗೆ ಮಾಡಿದರೆ ಮೇಲೆ ಏನು ಬರೆಯಬೇಕು? ಯಮುನಕ್ಕನ ಬೋಳು ತಲೆಯೇ, ನಾಣಿಯ ಕಣ್ಣೇ? ನಾನು ಇಡೀ ಸಂಜೆ ಯೋಚಿಸಬಲ್ಲೆ.

ಅಷ್ಟರಲ್ಲಿ ಹುಡುಗಿಗೆ ಕವರುಗಳು ಬೇಸರವಾಗಿ ಬಿಲ್ಲೆಗಳನ್ನು ಹೊರತೆಗೆದಿದ್ದಳು. ನಡುವಿನ ಹಲ್ಲು ಅದುಮಿದರೆ ಟಕ್ಕೆಂದು ಕಳಚುವ ಆ ಸದ್ದು ಅವಳಿಗೆ ಹೊಸದು. “ಒಂದು ಪಿಚ್ಚರ್‌ಗೆ ಮೂರು ಯಾಕೆ?” ಎಂದಳು. ಒಂದು ವಿಸಿಡಿಯಲ್ಲಿ ಹಿಡಿಸುವುದು ಹೆಚ್ಚೂಕಡಿಮೆ ಎಪ್ಪತ್ತೈದು ನಿಮಿಷ ಎಂದು ವಿವರಿಸಿದೆ. ಹೀರೋ ಕೈ ಎತ್ತಿದಲ್ಲೇ ಬಿಲ್ಲೆ ಮುಗಿದು, ಇನ್ನೊಂದನ್ನು ಹಾಕುವವರೆಗೆ ಖಳನಾಯಕ ಹೊಡೆತಕ್ಕಾಗಿ ಕಾಯುತ್ತ ನಿಂತಿರುತ್ತಿದ್ದನೆಂದರೆ ಅವಳಿಗೆ ನಗುವೋ ನಗು. ಬಿಲ್ಲೆಯ ಹೊಳೆಯುವ ಮಗ್ಗುಲನ್ನು ಕಿಟಕಿಗೆ ಹಿಡಿದಳು. ಗೋಡೆಯ ಮೇಲೆ ಕಾಮನಬಿಲ್ಲು ನಡುಗಿತು.

ಆ ಬಣ್ಣವನ್ನು ಯಾರೂ ಬಳಿದದ್ದಲ್ಲ. ಬಿಲ್ಲೆಯೊಳಗೆ ಕಣ್ಣಿಗೆ ಕಾಣದ ಗುಳಿಗಳ ಒಂದೇ ಸಾಲು ಚಕ್ಕುಲಿಯಂತೆ ಸುತ್ತಿಕೊಂಡಿದೆ. ಮಿಲಿಮೀಟರಿಗೆ ಆರುನೂರಕ್ಕೂ ಹೆಚ್ಚು ಸುತ್ತು. ಆ ಸಾಲುಗಳಿಗೆ ತಾಗಿ ಬೆಳಕು ಸೀಳುವುದರಿಂದಲೇ ಕಾಮನಬಿಲ್ಲು. ಸುರುಳಿಯನ್ನು ಬಿಚ್ಚಿ ಎಳೆದರೆ ಒಂದು ಬಿಲ್ಲೆಯಲ್ಲಿ ಐದು ಕಿಲೋಮೀಟರಿಗೂ ಮಿಗಿಲು. ತುಂಬಿದ ಮೂರು ಬಿಲ್ಲೆಗಳ ದಾರ ಹಿಡಿದು ಹೊರಟರೆ ಗುಂಡ್ಲುಪೇಟೆಯಿಂದ ಚಾಮರಾಜನಗರದ ರಸ್ತೆಯಲ್ಲಿ ತೆರಕಣಾಂಬಿ ಮುಟ್ಟಬಹುದು. ರಸ್ತೆಯ ಎರಡೂ ಕಡೆ ಈ ತಿಂಗಳು ಚೆಂಡುಹೂವಿನ ಹಳದಿ, ಸೂರ್ಯಕಾಂತಿಯ ಹಳದಿ. ಅಷ್ಟುದ್ದ ಗುಳಿಗಳಲ್ಲಿ ಒಬ್ಬ ಮನುಷ್ಯನ ನಗು, ದನಿ, ಕಣ್ಣೀರು. ಇನ್ನೊಂದು ವಿಷಯವಿದೆ. ಯಂತ್ರ ಬಿಲ್ಲೆಯನ್ನು ನಡುವಿನಿಂದ ಅಂಚಿನ ಕಡೆಗೆ ಓದುತ್ತದೆ. ನಾವು ಹೊರಗಿನಿಂದ ಒಳಕ್ಕೆ ಹೋಗುವವರು, ಅದು ಒಳಗಿನಿಂದ ಹೊರಕ್ಕೆ ಬರುತ್ತದೆ. ಹೊದಿಕೆ ನಮಗಷ್ಟೇ ಬೇಕಾದ್ದು.

ಬೇಕೆಂದರೆ ಎಷ್ಟು ಬೇಕು? ಅದಕ್ಕೆ ಉತ್ತರ ನಮ್ಮ ದೇವರ ಗೂಡಿನಲ್ಲಿದೆ. ಮಲೆ ಮಹದೇಶ್ವರ ಬೆಟ್ಟಕ್ಕೆ ಹೋದಾಗ ತಂದ ಮಾದಪ್ಪನ ಕಥೆಯ ಸಿ.ಡಿ. ಒಂದಿತ್ತು. ಅಂಗಡಿ ಸಾಲಿನಲ್ಲಿ ಕಂಸಾಳೆಯವರ ಹಾಡು ಕೇಳುತ್ತ ಅಜ್ಜಿಯೇ ಆರಿಸಿದ್ದು. ಬಿಲ್ಲೆ ಗೀರು ಬಿದ್ದು ಎಂದೋ ಕಳೆಯಿತು. ಕವರಿನ ಚೀಟಿಯನ್ನು ಅವಳು ಕತ್ತರಿಸಿ ಗಾಜಿನ ಕಟ್ಟು ಹಾಕಿಸಿದಳು. ಹುಲಿಯ ಮೇಲೆ ಕೂತ ಮಾದಪ್ಪ; ಕೆಳಗೆ ಅಂಚಿನಲ್ಲಿ, ಕತ್ತರಿ ತಪ್ಪಿದಲ್ಲಿ, ‘ಸ್ಟೀರಿಯೊ’ ಎಂಬ ಪದ ಅರ್ಧ ಉಳಿದುಕೊಂಡಿದೆ. ಅದಕ್ಕೂ ದಿನಾ ಕುಂಕುಮ. ಒಳಗಿನ ಹೂರಣ ಮುಗಿದ ಮೇಲೆ ಹೊದಿಕೆಯೇ ದೇವರಾಗಿ ಕೂತಿದೆ. ಕ್ರೈಟೀರಿಯನ್ ಡಬ್ಬಿಗೆ ಪ್ಲಾಸ್ಟಿಕ್ ತೊಡಿಸುವ ದೂರದೇಶದವನಿಗೂ ನಮ್ಮಜ್ಜಿಗೂ ನಡುವೆ ಎಷ್ಟು ಅಂತರ ಎಂದು ಅಳೆಯಹೊರಟರೆ ನನಗೆ ಹೆಚ್ಚೇನೂ ಸಿಗುವುದಿಲ್ಲ.

ಮುಚ್ಚುವುದರ ಮಹಿಮೆ ನಮ್ಮ ಸೀಮೆಯವರಿಗೆ ಹೊಸದಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟ 1,454 ಮೀಟರ್ ಎತ್ತರ. ಮೇಲೆ ಹೋದವರಿಗೆ ಎಷ್ಟೋ ದಿನ ಗುಡಿಯೇ ಕಾಣುವುದಿಲ್ಲ, ಮಂಜು. ಕಂಬ ಒಂದು ತೋರಿ ಮರೆಯಾಗುತ್ತದೆ, ಗಂಟೆ ಕೇಳುತ್ತದೆ, ಮೆಟ್ಟಿಲು ಕಾಲಿಗೆ ಸಿಗುತ್ತದೆ. ಬಿಸಿಲಿನಲ್ಲಿ ಪೂರಾ ಕಂಡವರು ಫೋಟೊ ಹೊಡೆದುಕೊಂಡು ಇಳಿಯುತ್ತಾರೆ. ಮಂಜಿನಲ್ಲಿ ಅರ್ಧ ಕಂಡವರು ಮತ್ತೆ ಹತ್ತುತ್ತಾರೆ. ಚಾಮರಾಜನಗರದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದ ಚಾಮರಾಜೇಶ್ವರನ ಗುಡಿಗೆ ಆಷಾಢದ ತೇರಿನ ಹೊತ್ತಿಗೆ ಹೊಸ ಜೋಡಿಗಳು ನೂಕುನುಗ್ಗಲು. ಅಲ್ಲಿ ನಿಂತಾಗಲೂ ಅಷ್ಟೇ. ಅರ್ಚಕರು ಗರ್ಭಗುಡಿಯ ಮುಂದೆ ತೆರೆ ಎಳೆದ ಕ್ಷಣಕ್ಕೆ ಜನ ಮಾತು ನಿಲ್ಲಿಸುತ್ತಾರೆ. ಕಂಡದ್ದನ್ನೇ ಮತ್ತೆ ಕಾಣುವುದಕ್ಕೆ ಕತ್ತು ಚಾಚುತ್ತಾರೆ. ಆ ಬಟ್ಟೆ ಇಲ್ಲದಿದ್ದರೆ ಮಂಗಳಾರತಿಗೆ ಆ ಬೆಳಕಿರುತ್ತಿರಲಿಲ್ಲ.

ಸಿನಿಮಾ ಮೂಡುವ ಬಟ್ಟೆಯನ್ನೂ ನಾವು ತೆರೆ ಎನ್ನುತ್ತೇವೆ. ಬಾಗಿಲು ಬಿಚ್ಚು ಎನ್ನುವುದಕ್ಕೂ ತೆರೆ ಎನ್ನುತ್ತೇವೆ. ಹಳಗನ್ನಡದಲ್ಲಿ ಇವೆರಡೂ ಬೇರೆ ಬೇರೆ. ಮರೆಮಾಡುವ ಪರದೆಗೆ ‘ತೆರೆ’. ಬಿಚ್ಚುವುದಕ್ಕೆ ‘ತೆಱೆ’, ಶಕಟರೇಫದ ಒರಟು ದನಿಯದು. ಗಡಿಯಾಚೆಯ ತಾಳವಾಡಿ ಸೀಮೆಯಲ್ಲಿ ತಮಿಳು ಬಲ್ಲವರನ್ನು ಕೇಳಿ, ‘ತಿರೈ’ ಬೇರೆ, ‘ತಿಱ’ ಬೇರೆ ಎಂದು ಇಂದಿಗೂ ಬಿಡಿಸಿ ಹೇಳುತ್ತಾರೆ. ನಮ್ಮಲ್ಲಿ ಮಾತ್ರ ಆ ಱ ಸವೆದುಹೋಯಿತು. ಮುಚ್ಚುವ ಮಾತೂ ಬಿಚ್ಚುವ ಮಾತೂ ಒಂದೇ ರೂಪಕ್ಕೆ ಬಂದು ನಿಂತವು. ವ್ಯಾಕರಣದ ಕಣ್ಣಿಗೆ ಅದು ಅಕ್ಷರವೊಂದರ ನಷ್ಟ. ನಲವತ್ತೊಂದು ಕವರುಗಳ ನಡುವೆ ಕೂತ ನನಗೆ ಅದು ಲಾಭದಂತೆ ಕಂಡಿತು. ಒಳ್ಳೆಯ ಹೊದಿಕೆಯ ಲಕ್ಷಣ ಇದಕ್ಕಿಂತ ಚಿಕ್ಕದಾಗಿ ಹೇಳುವುದು ಹೇಗೆ?

ತೀರ್ಪಿನ ಹೊತ್ತಾಯಿತು. ಹುಡುಗಿ ಬಹುಮಾನ ಕೊಟ್ಟದ್ದು ‘ಗಂಧದ ಗುಡಿ’ಗೆ, ಅದರ ಮೇಲೆ ಆನೆ ಇತ್ತೆಂಬ ಕಾರಣಕ್ಕೆ. ಬಂಡೀಪುರದ ದಾರಿಯಲ್ಲಿ ಹುಟ್ಟಿ ಬೆಳೆದವಳಿಗೆ ಆನೆ ಪಕ್ಕದ ಮನೆಯ ನೆಂಟ. ಚಿತ್ರ ಬಂದ 1973ರಲ್ಲೇ ಬಂಡೀಪುರ ದೇಶದ ಮೊದಲ ಒಂಬತ್ತು ಹುಲಿ ಮೀಸಲು ಕಾಡುಗಳಲ್ಲಿ ಒಂದಾಯಿತೆಂದು ಹೇಳಿದೆ. “ಹಂಗಾದ್ರೆ ಹುಲೀನೂ ಹಾಕಬೇಕಿತ್ತು” ಎಂದು ಒಂದು ಅಂಕ ಕಳೆದಳು. ನಾನು ಗೊಂದಲದಲ್ಲೇ ಇದ್ದೆ.

ಅಜ್ಜಿ ಆರಿಸಿದ್ದು ಎಲ್ಲಕ್ಕಿಂತ ಕೆಟ್ಟದಾಗಿ ಅಚ್ಚಾದದ್ದನ್ನು. ‘ಬೇಡರ ಕಣ್ಣಪ್ಪ’. ಬಣ್ಣ ಕದಡಿದೆ, ಅಕ್ಷರ ಒಂದರ ಮೇಲೊಂದು ಬಿದ್ದಿದೆ, ಮುಖಕ್ಕೆ ಕಳೆಯಂತೂ ಇಲ್ಲವೇ ಇಲ್ಲ. ಯಾಕೆಂದು ಕೇಳಿದೆ. ಆ ಚಿತ್ರ 1954ರದು, ಗಾಜನೂರಿನ ಮುತ್ತುರಾಜ ರಾಜ್‌ಕುಮಾರ್ ಎಂಬ ಹೆಸರಿನಲ್ಲಿ ನಾಯಕನಾಗಿ ಬಂದ ಮೊದಲನೆಯದು. “ನಮ್ ಕಡೆ ಹೈದ ಬಣ್ಣ ಹಚ್ಕೊಂಡು ಬಂದವ್ನೆ” ಎಂದು ಊರೆಲ್ಲ ಮಾತು. ಟೆಂಟಿನವರ ಗಾಡಿ ತಮಟೆ ಹೊಡೆದುಕೊಂಡು ಬೀದಿಗೆ ಬಂದಾಗ ಅಜ್ಜಿ ಹತ್ತು ವರ್ಷದ ಹುಡುಗಿ. ಗಾಡಿಯ ಎರಡೂ ಬದಿಗೆ ಪೋಸ್ಟರು. ಊರ ಕೊನೆಯವರೆಗೂ ಅದರ ಹಿಂದೆ ಓಡಿದಳಂತೆ. ಟೆಂಟಿಗೆ ಮಾತ್ರ ಯಾರೂ ಕರೆದೊಯ್ಯಲಿಲ್ಲ. ಶಿವನಿಗೆ ತನ್ನ ಕಣ್ಣನ್ನೇ ಕಿತ್ತು ಕೊಟ್ಟವನ ಕಥೆ ಅವಳಿಗೆ ಗೊತ್ತಿತ್ತು. ಪೋಸ್ಟರಿನ ಆ ಒಂದು ಮುಖವನ್ನು ಇಟ್ಟುಕೊಂಡು, ರಾತ್ರಿ ಕಂಬಳಿಯೊಳಗೆ, ಪೂರ್ತಿ ಚಿತ್ರವನ್ನು ತಾನೇ ನೋಡಿದಳು. ಒಂದು ರಾತ್ರಿಯಲ್ಲ, ಐವತ್ತು ವರ್ಷ.

ಆಮೇಲೆ ನಾನು ಈ ಸಿ.ಡಿ. ತಂದು ಹಾಕಿದ್ದೆ. ಆವತ್ತು ಅವಳು ಕೊನೆಯವರೆಗೂ ಕೂತು ನೋಡಿ, ಏನೂ ಹೇಳದೆ ಎದ್ದು ಒಲೆಯ ಹತ್ತಿರ ಹೋಗಿದ್ದು ಈಗ ನೆನಪಾಯಿತು.

“ಚೆನ್ನಾಗಿರ್ಲಿಲ್ವಾ ಅಜ್ಜಿ ಅವತ್ತು?”

“ಚೆನ್ನಾಗಿತ್ತು ಕನಪ್ಪ. ನಾ ನೋಡಿದ್ ಪಿಚ್ಚರೇ ಬ್ಯಾರೆ.”

ಹುಡುಗಿ ಆ ಡಬ್ಬಿಯ ಬಾಯಿಗೆ ಉಗುರು ಹಾಕಿದ್ದಳು. ಅಜ್ಜಿ ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಸೆರಗಿನಿಂದ ದೂಳೊರೆಸಿ, ಕವರನ್ನು ಒಮ್ಮೆ ಕಣ್ಣಿಗೊತ್ತಿಕೊಂಡು ಪೆಟ್ಟಿಗೆಯ ತಳಕ್ಕೆ ಇಟ್ಟಳು.