ನಾನೂ ಹೆಂಗಸೇ, ನನ್ನ ಟಿಕೆಟ್ ಎಲ್ಲಿ?

ನಗಿಸಬೇಕೆಂದು ಮಗು ಮಾತಾಡುವುದಿಲ್ಲ. ತಾನು ಕಂಡಷ್ಟು ಲೋಕವನ್ನು ತನಗೆ ಬರುವಷ್ಟು ಮಾತಿನಲ್ಲಿ ಹೇಳುತ್ತದೆ. ನಗು ಬರುವುದು ನಮಗೆ. ಮಗುವಿಗೆ ಅದು ಗಂಭೀರ ವಿಚಾರವೇ.

*

ನಾಲ್ಕು ವರ್ಷದ ಮೊಮ್ಮಗಳು ಪುಟ್ಟಿ ಕಣ್ಣುಬಿಟ್ಟ ಕೂಡಲೇ ಕೇಳುತ್ತಾಳೆ: "ಅಜ್ಜಿ, ಈಗ ನಾಳೆ ಆಯ್ತಾ?" ರಾತ್ರಿ ಯಾವುದೋ ಹಠಕ್ಕೆ "ನಾಳೆ ಕೊಡಿಸ್ತೀವಿ" ಎಂದು ಮನೆಯವರು ಮಲಗಿಸಿರುತ್ತಾರೆ. ಅವಳು ಆ ನಾಳೆಗಾಗಿಯೇ ಎದ್ದಿರುತ್ತಾಳೆ. ಮಕ್ಕಳಿಗೆ ನಾಳೆಯ ವಾಯಿದೆ ಹೇಳುವ ಮುನ್ನ ಒಂದು ನೆನಪಿರಲಿ: ಅವರು ವಾಯಿದೆ ಮರೆಯುವುದಿಲ್ಲ.

*

ತಟ್ಟೆಗೆ ಬಿಸಿ ಇಡ್ಲಿ ಬಿತ್ತು. ಪುಟ್ಟಿ ಅಂಗೈ ಮಗುಚಿ, ಬೆರಳಿನ ಹಿಂಬದಿಯನ್ನು ಇಡ್ಲಿಯ ಮೇಲಿಟ್ಟು ಒಂದು ಗಳಿಗೆ ಹಾಗೇ ಕೂತಳು. ಆಮೇಲೆ ಹೇಳಿದಳು: "ಜ್ವರ ಇದೆ. ಇವತ್ತು ಸ್ಕೂಲ್ ಬೇಡ." ಹಿಂದಿನ ವಾರ ಅವಳಮ್ಮ ಅವಳ ಹಣೆ ಮುಟ್ಟಿದ್ದು ಹಾಗೆಯೇ, ಹೇಳಿದ್ದೂ ಅದೇ ಮಾತು, ಅದೇ ದನಿಯಲ್ಲಿ. ನಾವು ಬಾಯಿಬಿಟ್ಟು ಹೇಳಿಕೊಟ್ಟದ್ದು ಮಕ್ಕಳ ತಲೆಗೆ ಹತ್ತಲು ತಿಂಗಳುಗಟ್ಟಲೆ ಬೇಕು. ನಾವು ಮಾಡಿದ್ದು ಮಾತ್ರ ಒಂದೇ ಸಲಕ್ಕೆ ಹತ್ತುತ್ತದೆ.

*

ಸಂಜೆ ಫ್ಯಾನು ನಿಂತಿತು. "ಕರೆಂಟು ಊಟಕ್ಕೆ ಹೋಯ್ತಾ?" ಎಂದಳು. ಮನೆಯಿಂದ ಹೋದವರೆಲ್ಲ ಏನೋ ಕೆಲಸಕ್ಕೇ ಹೋಗಿರುತ್ತಾರೆ, ಮುಗಿಸಿಕೊಂಡು ಬರುತ್ತಾರೆ ಎಂಬುದು ಅವಳ ಲೆಕ್ಕ. ಈ ವಯಸ್ಸಿನ ಮಕ್ಕಳು ಸೂರ್ಯ, ಮೋಡ, ಗಾಳಿಗೂ ಜೀವವಿದೆ, ಮನಸ್ಸಿದೆ ಎಂದು ನಂಬುವುದನ್ನು ಸ್ವಿಟ್ಜರ್‌ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980) ಮಕ್ಕಳೊಂದಿಗೆ ಮಾತಾಡುತ್ತಲೇ ಕಂಡುಕೊಂಡರು. ದೊಡ್ಡ ವಿಜ್ಞಾನಿಯೊಬ್ಬರು ಬರೆದುಕೊಂಡು ಯೋಚಿಸಿದ ಮಾತುಗಳು ನಮ್ಮ ಹಜಾರದಲ್ಲಿ ದಿನವೂ ಉದುರುತ್ತಿರುತ್ತವೆ.

*

ಮಗು ಎಡವಿ ಬಿದ್ದರೆ ನೆಲಕ್ಕೊಂದು ಏಟು ಹಾಕಿ ಸಮಾಧಾನ ಮಾಡುವುದು ನಮ್ಮ ಮನೆಗಳ ಹಳೆಯ ರೂಢಿ. ಎದುರುಮನೆಯ ಹುಡುಗ ಅಳು ನಿಲ್ಲಿಸಿ ತನ್ನ ಅಜ್ಜಿಯ ಕೈ ಹಿಡಿದುಕೊಂಡ: "ಹೊಡೀಬೇಡ, ಅದಕ್ಕೂ ನೋವಾಗುತ್ತೆ." ಕರುಣೆ ಎಂಬುದು ನಾವು ಮಕ್ಕಳಿಗೆ ಕಲಿಸಬೇಕಾದ ಪಾಠವಲ್ಲ, ಅವರಲ್ಲಿರುವುದನ್ನು ಕೆಡಿಸದಿದ್ದರೆ ಸಾಕು.

*

ಮಾಡಿದೆ, ಹಾಡಿದೆ, ಓಡಿದೆ ಎಂದು ಕೇಳುತ್ತ ಬೆಳೆದ ಮಗು ಒಂದು ದಿನ "ಅವನಿಗೆ ಚಾಕ್ಲೇಟ್ ಕೊಡಿದೆ" ಎನ್ನುತ್ತದೆ, "ತಿನ್ನಿದೆ" ಎನ್ನುತ್ತದೆ. ಮನೆಯಲ್ಲಿ ಹಾಗೆ ಅಂದವರು ಯಾರೂ ಇಲ್ಲ. ಕನ್ನಡದ ನಿಯಮವೊಂದನ್ನು ಅದು ತಾನಾಗಿ ಕಂಡುಹಿಡಿದಿದೆ, ಎಲ್ಲ ಕಡೆಯೂ ನಡೆಯುತ್ತದೆಂದು ನಂಬಿದೆ. ತಪ್ಪಿರುವುದು ಮಾತಿನಲ್ಲಿ, ಬುದ್ಧಿಯಲ್ಲಲ್ಲ.

*

1958ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಸಂಶೋಧಕಿ ಜೀನ್ ಬರ್ಕೊ ಮಕ್ಕಳಿಗೆ ಹಕ್ಕಿಯಂಥ ಒಂದು ಕಲ್ಪನೆಯ ಪ್ರಾಣಿಯ ಚಿತ್ರ ತೋರಿಸಿದರು. ಅದಕ್ಕೆ ಯಾರೂ ಕೇಳಿರದ ಹೆಸರಿಟ್ಟು, ಅಂಥವು ಎರಡಿದ್ದರೆ ಏನನ್ನಬೇಕೆಂದು ಕೇಳಿದರು. ಹಿಂದೆಂದೂ ಕೇಳದ ಹೆಸರಿಗೂ ಪುಟಾಣಿಗಳು ಬಹುವಚನ ಕಟ್ಟಿದರು. ಮಗುವಿನ ಮಾತು ಬರೀ ಗಿಳಿಪಾಠವಲ್ಲವೆಂಬುದಕ್ಕೆ ಅದು ಸಾಕ್ಷಿಯಾಯಿತು.

*

ಹಾಗಾದರೆ "ಕೊಡಿದೆ" ಎಂದ ಮಗುವನ್ನು ತಿದ್ದಬೇಕೆ? "ಹೌದಾ, ಚಾಕ್ಲೇಟ್ ಕೊಟ್ಯಾ? ಅವನೇನಂದ?" ಎಂದು ಮಾತು ಮುಂದುವರಿಸಿದರೆ ಸಾಕು. ಸರಿಯಾದ ರೂಪ ಕಿವಿಗೆ ಬಿದ್ದಿರುತ್ತದೆ, ಮಾತಾಡುವ ಉತ್ಸಾಹವೂ ಉಳಿದಿರುತ್ತದೆ.

*

ಮೈಸೂರಿನಿಂದ ನಂಜನಗೂಡಿಗೆ ಹೊರಟ ಕೆಂಪು ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲದ ಟಿಕೆಟ್. ಆರು ತುಂಬದ ಮಕ್ಕಳಿಗೆ ಟಿಕೆಟ್ಟೇ ಬೇಕಿಲ್ಲ. ಕಂಡಕ್ಟರು ನನಗೂ ಸೊಸೆಗೂ ಟಿಕೆಟ್ ಹರಿದುಕೊಟ್ಟು ಮುಂದೆ ಸರಿದರು. ಪುಟ್ಟಿ ಸೀಟಿನ ಮೇಲೆ ಎದ್ದುನಿಂತು ಕೈ ಚಾಚಿದಳು: "ಅಂಕಲ್, ನಾನೂ ಹೆಂಗಸೇ. ನನ್ನ ಟಿಕೆಟ್ ಎಲ್ಲಿ?" ಇಡೀ ಬಸ್ಸು ನಕ್ಕಿತು. ಅವಳು ನಗಲಿಲ್ಲ, ಕೈಯನ್ನೂ ಹಿಂದಕ್ಕೆ ತೆಗೆಯಲಿಲ್ಲ. ಕಂಡಕ್ಟರು ಚೀಲದಿಂದ ಖಾಲಿ ಚೀಟಿಯೊಂದನ್ನು ತೆಗೆದು, ಕಿವಿಗೆ ಸಿಕ್ಕಿಸಿದ್ದ ಪೆನ್ನಿನಿಂದ ದೊಡ್ಡದೊಂದು ಸೊನ್ನೆ ಬರೆದು, "ತಗೊಳ್ಳಿ ಅಮ್ಮಾವ್ರೇ, ಜೋಪಾನ" ಎಂದು ಕೊಟ್ಟರು. ನಂಜನಗೂಡು ಬರುವವರೆಗೂ ಆ ಚೀಟಿ ಮುಷ್ಟಿಯಲ್ಲೇ ಇತ್ತು, ಬೆವರಿಗೆ ಸೊನ್ನೆ ಅಳಿಸಿಹೋಗುವಷ್ಟು.

*

ತನ್ನನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದೇ ಎಲ್ಲ ಮಕ್ಕಳ ಮೊದಲ ಅರ್ಜಿ. ಆ ಕಂಡಕ್ಟರು ಅದನ್ನು ಓದಿ, ನಿಂತಲ್ಲೇ ಮಂಜೂರು ಮಾಡಿದರು.

*

ಅರಳು ಹುರಿದಂತೆ ಮಾತಾಡುವ ಗಂಡುಹುಡುಗನನ್ನು "ಚೂಟಿ" ಎಂದು ಮೆಚ್ಚುತ್ತೇವೆ. ಅದೇ ಮಾತು ಹುಡುಗಿಯ ಬಾಯಲ್ಲಿ ಬಂದರೆ "ಗಂಡುಬೀರಿ" ಎನ್ನುತ್ತೇವೆ. ಬುದ್ಧಿ ಒಂದೇ, ಬಾಯಿಯೂ ಒಂದೇ; ಹೆಸರು ಮಾತ್ರ ಬೇರೆ. ಇದು ಅನ್ಯಾಯ. ನಾಲ್ಕನೇ ವಯಸ್ಸಿನಲ್ಲಿ ಬಾಯಿ ಮುಚ್ಚಿಸಿ, ಇಪ್ಪತ್ತನೇ ವಯಸ್ಸಿನಲ್ಲಿ "ಧೈರ್ಯವಾಗಿ ಮಾತಾಡಮ್ಮ" ಎಂದರೆ ಮಾತು ಎಲ್ಲಿಂದ ಬಂದೀತು?

*

ಜಪಾನಿನ ತೆತ್ಸುಕೊ ಕುರೊಯನಾಗಿ ಒಂದನೇ ತರಗತಿಯಲ್ಲೇ ಶಾಲೆಯಿಂದ ಹೊರಬಿದ್ದ ಹುಡುಗಿ. ಡೆಸ್ಕಿನ ಮುಚ್ಚಳವನ್ನು ಮತ್ತೆ ಮತ್ತೆ ತೆಗೆದು ಮುಚ್ಚುವುದು, ಕಿಟಕಿಯ ಬಳಿ ನಿಂತು ಬೀದಿ ವಾದ್ಯದವರನ್ನು ಕರೆಯುವುದು ಅವಳ ಅಪರಾಧ. ಹೊಸ ಶಾಲೆ ತೊಮೊಯೆಯ ಮುಖ್ಯೋಪಾಧ್ಯಾಯ ಸೊಸಾಕು ಕೊಬಾಯಾಶಿ ಮೊದಲ ದಿನವೇ ಅವಳೆದುರು ಕುರ್ಚಿ ಎಳೆದುಕೊಂಡು ಕೂತು, ನಾಲ್ಕು ಗಂಟೆ ಅವಳ ಮಾತು ಕೇಳಿದರು. ಆಕಳಿಸಲಿಲ್ಲ, ಬೇಸರ ತೋರಲಿಲ್ಲ. ಆ ಹುಡುಗಿ ದೊಡ್ಡವಳಾಗಿ 1981ರಲ್ಲಿ ಬರೆದ 'ತೊತ್ತೊ-ಚಾನ್' ಲೋಕದ ಹತ್ತಾರು ಭಾಷೆಗಳಿಗೆ ಹೋಯಿತು, ಕನ್ನಡಕ್ಕೂ ಬಂತು. ತುಂಟ ಮಗುವಿಗೆ ಏನು ಮಾಡಬೇಕೆಂದು ಕೇಳುವವರಿಗೆ ಕೊಬಾಯಾಶಿಯವರ ಕುರ್ಚಿಯೇ ಉತ್ತರ.

*

ಹೊತ್ತಾಗಿರುವಾಗಲೇ "ನಾನೇ ಹಾಕ್ಕೋತೀನಿ" ಎಂಬ ಹಠ ಬರುತ್ತದೆ. ಬಲಗಾಲಿನ ಚಪ್ಪಲಿ ಎಡಗಾಲಿಗೆ, ಪಟ್ಟಿ ತಿರುಚಿ, ನಾಲಗೆ ತುಟಿಯಿಂದಾಚೆ. ಕಸಿದುಕೊಂಡು ಹಾಕಿದರೆ ಅರ್ಧ ನಿಮಿಷದ ಕೆಲಸ. ಆದರೆ ಆ ಅರ್ಧ ನಿಮಿಷದಲ್ಲಿ ಮಗು ಕಲಿಯುವುದು "ನನ್ನ ಕೈಲಾಗದು" ಎಂಬುದನ್ನು. ಹತ್ತು ನಿಮಿಷ ಮೊದಲು ಹೊರಡುವುದೇ ಲಾಭ.

*

ಪುಟ್ಟಿಗೆ ಗೊಂಬೆ ಬೇಡ. ಹುಳಿ ಬಡಿಸುವ ಸೌಟನ್ನು ಪಕ್ಕದಲ್ಲಿ ಮಲಗಿಸಿಕೊಂಡು, ಟವೆಲ್ ಹೊದಿಸಿ, ಜೋಜೋ ತಟ್ಟುತ್ತಾಳೆ. ಬೆಳಗ್ಗೆ ಹುಳಿಗೆ ಬೇಕೆಂದು ಕೇಳಿದರೆ "ಇನ್ನೂ ಎದ್ದಿಲ್ಲ" ಎನ್ನುತ್ತಾಳೆ. ಆಟಿಕೆ ಅಂಗಡಿಯ ಬೆಲೆಯೇ ಬೇರೆ, ಮಗು ಕಟ್ಟುವ ಬೆಲೆಯೇ ಬೇರೆ. ನಮ್ಮ ಅಡುಗೆಮನೆಯಲ್ಲೀಗ ಎರಡು ಸೌಟುಗಳಿವೆ.

*

ಆಡುವಾಗ ಮಗು ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತದೆ: "ಈಗ ಇದನ್ನ ಇಲ್ಲಿಡಬೇಕು, ಅಯ್ಯೋ ಬಿತ್ತು, ಪರವಾಗಿಲ್ಲ, ಇನ್ನೊಂದ್ಸಲ." ರಷ್ಯದ ಮನೋವಿಜ್ಞಾನಿ ಲೆವ್ ವೈಗೊಟ್‌ಸ್ಕಿ (1896–1934) ಹೇಳಿದ್ದು, ಈ ಮಾತೇ ಮುಂದೆ ಒಳಗಿಳಿದು ಯೋಚನೆಯಾಗುತ್ತದೆಂದು. "ಯಾರ ಜೊತೆ ಮಾತಾಡ್ತಿದೀಯೆ?" ಎಂದು ರೇಗಿಸಬೇಡಿ. ಅದು ಯೋಚಿಸುವುದನ್ನು ಕಲಿಯುತ್ತಿದೆ.

*

ಸಿಟ್ಟು ಬಂದರೆ ಪುಟ್ಟಿ ಬಾಗಿಲ ಹಿಂದೆ ಹೋಗಿ ನಿಲ್ಲುತ್ತಾಳೆ. ಯಾರೂ ಕರೆಯದಿದ್ದರೆ ತಲೆ ಹೊರಗೆ ಹಾಕಿ, "ನಾನು ಕೋಪ ಮಾಡ್ಕೊಂಡು ಇಲ್ಲಿದೀನಿ, ಬಂದು ಸಮಾಧಾನ ಮಾಡಿ" ಎನ್ನುತ್ತಾಳೆ. ಕೋಪವನ್ನೂ ಅದರ ಮದ್ದನ್ನೂ ಒಟ್ಟಿಗೆ ಹೇಳುವ ಈ ನೇರತನ ದೊಡ್ಡವರಲ್ಲಿದ್ದಿದ್ದರೆ ಎಷ್ಟೋ ಅಣ್ಣತಮ್ಮಂದಿರು ಇಂದಿಗೂ ಮಾತಾಡಿಕೊಂಡಿರುತ್ತಿದ್ದರು.

*

ನೆಂಟರು ಕೂತಿದ್ದಾಗ ಪರಿಚಯದವರ ಮನೆಯ ಹುಡುಗ ಕೇಳಿದನಂತೆ: "ಅಮ್ಮಾ, ಇವರು ಹೋದ್ಮೇಲೆ ಕೋಡುಬಳೆ ತಿನ್ನೋಣ ಅಂದ್ಯಲ್ಲ, ಯಾವಾಗ ಹೋಗ್ತಾರೆ?" ಮಕ್ಕಳಿಗೆ ಗುಟ್ಟು ಕಾಪಾಡುವುದನ್ನು ಕಲಿಸಲು ವರ್ಷಗಳು ಬೇಕು. ಡಬ್ಬಿ ತೆಗೆದು ಎಲ್ಲರ ಮುಂದಿಡಲು ಒಂದು ನಿಮಿಷ ಸಾಕು.

*

"ಊಟ ಮಾಡದಿದ್ರೆ ಪೊಲೀಸ್ ಬರ್ತಾರೆ" ಎಂದು ಯಾರೋ ಹೆದರಿಸಿದರು. "ಅವರಿಗೂ ಬಡಿಸ್ತೀರಾ?" ಎಂದು ಪುಟ್ಟಿ ಕೇಳಿದಳು. ಪೊಲೀಸರನ್ನೂ ಡಾಕ್ಟರನ್ನೂ ಗುಮ್ಮ ಮಾಡುವುದನ್ನು ಬಿಡೋಣ. ಜಾತ್ರೆಯಲ್ಲಿ ಕೈತಪ್ಪಿದ ಮಗು ಓಡಿಹೋಗಬೇಕಾದದ್ದು ಖಾಕಿಯವರ ಬಳಿಗೇ. ಅದಕ್ಕೆ ಕಲಿಸಬೇಕಾದದ್ದು ಅಪ್ಪ ಅಮ್ಮನ ಹೆಸರು, ಊರು, ಮತ್ತು ಮಕ್ಕಳ ಸಹಾಯವಾಣಿಯ ನಾಲ್ಕು ಅಂಕಿ: 1098.

*

ಅಮೆರಿಕದ ಡಲ್ಲಾಸಿನಲ್ಲಿರುವ ಮೊಮ್ಮಗ ವಿಡಿಯೊ ಕರೆಯಲ್ಲಿ ಕೇಳಿದ: "ಅಜ್ಜಿ, ನೀವು ಫೋನೊಳಗೆ ಇರ್ತೀರಲ್ಲ, ಊಟ ಎಲ್ಲಿ ಮಾಡ್ತೀರ?" ದೂರದ ಮಕ್ಕಳಿಗೆ ಅಜ್ಜಿ ಎಂದರೆ ಒಂದು ಮುಖ, ಒಂದು ದನಿ. ಕೈತುತ್ತು, ಸೀರೆಯ ಸೆರಗು, ಬೆನ್ನು ತಟ್ಟುವ ಕೈ ಪರದೆಯಲ್ಲಿ ಹೋಗುವುದಿಲ್ಲ. ವಿಮಾನದ ಟಿಕೆಟ್ಟಿಗೆ ದುಡ್ಡು ಕೂಡಿಸುತ್ತಿರುವ ಅಪ್ಪ ಅಮ್ಮಂದಿರಿಗೆ ನನ್ನದೊಂದು ಮಾತು: ಒಂದು ವರ್ಷ ಮೊದಲೇ ಬನ್ನಿ.

*

ಪಿತೃಪಕ್ಷದಲ್ಲಿ ಕಾಗೆಗೆ ಎಡೆ ಇಟ್ಟಾಗ ಪುಟ್ಟಿ ಕೇಳಿದಳು: "ಕಾಗೆ ತಿಂದ್ರೆ ತಾತನ ಹೊಟ್ಟೆ ತುಂಬುತ್ತಾ?" ಅಲ್ಲಿದ್ದವರು "ಶ್, ಹಾಗೆಲ್ಲ ಕೇಳಬಾರದು" ಎಂದರು. ಕೇಳಬೇಕು. "ತಾತ ಈಗಿಲ್ಲ, ಅವರಿಗೆ ಬಡಿಸುವ ಆಸೆ ನಮಗಿನ್ನೂ ಇದೆ, ಅದಕ್ಕೆ ಹೀಗೆ" ಎಂದೆ. "ಹಾಗಾದ್ರೆ ನಂದೊಂದು ವಡೆ ಹಾಕು" ಎಂದಳು. ಸಾವಿನ ಬಗ್ಗೆ ಮಕ್ಕಳು ಕೇಳುವುದು ಸರಳವಾದದ್ದನ್ನೇ. ಅಷ್ಟೇ ಸರಳವಾಗಿ ನಿಜ ಹೇಳಿದರೆ ಅವರು ತಾಳಿಕೊಳ್ಳುತ್ತಾರೆ.

*

ಮಕ್ಕಳ ಪ್ರಶ್ನೆಗೆ ಬೆಲೆ ಕೊಟ್ಟವರು ನಮ್ಮಲ್ಲೂ ಇದ್ದಾರೆ. ಶಿವರಾಮ ಕಾರಂತರು 1930ರ ದಶಕದಲ್ಲೇ, ಇಂಟರ್‌ನೆಟ್ಟಿನ ಸುಳಿವೇ ಇಲ್ಲದ ಕಾಲದಲ್ಲಿ, ಮಕ್ಕಳಿಗಾಗಿ 'ಬಾಲಪ್ರಪಂಚ' ಎಂಬ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ ಬರೆದರು. ಪುತ್ತೂರಿನ ಬಾಲವನ ಇಂದಿಗೂ ಅವರ ಹೆಸರು ಹೇಳುತ್ತದೆ. ಅಷ್ಟು ದೊಡ್ಡ ಲೇಖಕರಿಗೆ ಮಕ್ಕಳ ಕುತೂಹಲ ಸಣ್ಣ ವಿಷಯವಾಗಿ ಕಾಣಲಿಲ್ಲ.

*

ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ, 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗಿನ ಮೊದಲ ತಾಲ್ಲೂಕುಗಳಲ್ಲಿ ಒಂದು. ಅಂದಿನಿಂದ ಎಷ್ಟು ತಲೆಮಾರಿನ ಮಕ್ಕಳ "ಯಾಕೆ ಟೀಚರ್?"ಗೆ ಅಂಗನವಾಡಿಯ ಹೆಣ್ಣುಮಕ್ಕಳು ಉತ್ತರ ಕೊಟ್ಟಿದ್ದಾರೋ! ಮೊಟ್ಟೆ, ಹಾಲು, ತೂಕ, ರಿಜಿಸ್ಟರು ಎಲ್ಲದರ ನಡುವೆ ಕೊಟ್ಟ ಉತ್ತರಗಳವು. ಅವರ ಗೌರವಧನ ಹೆಚ್ಚಬೇಕು, ಕಾಗದದ ಕೆಲಸ ಕಡಿಮೆಯಾಗಬೇಕು. ಮಗುವಿನ ಪ್ರಶ್ನೆಗೆ ಸಮಯ ಸಿಗುವುದು ಆಗ.

*

ಮಗು ಏನೋ ಚೆಂದದ ಮಾತಾಡಿತೆಂದು "ಮಾಮನಿಗೆ ಇನ್ನೊಂದ್ಸಲ ಹೇಳು" ಎನ್ನುತ್ತೇವೆ. ಮೊದಲ ಸಲ ಅದು ಯೋಚನೆ, ಎರಡನೇ ಸಲ ನಾಟಕ. ಫೋನು ಹಿಡಿದು ರೀಲ್ಸ್ ಮಾಡಿ ಊರಿಗೆಲ್ಲ ಹಂಚಿದರೆ ಅದು ವ್ಯಾಪಾರ. ಮುಂದೆ ಹೈಸ್ಕೂಲಿಗೆ ಹೋದಾಗ ಗೆಳೆಯರು ಅದನ್ನೇ ಹಿಡಿದು ಆಡಿಕೊಂಡರೆ ಉತ್ತರ ಕೊಡುವವರು ಯಾರು?

*

ಮಗುವಿನ ಮಾತಿಗೆ ನಗುವುದರಲ್ಲಿ ಎರಡು ಬಗೆ. ಒಂದರಲ್ಲಿ ಮಗುವೂ ಸೇರಿ ನಗುತ್ತದೆ. ಇನ್ನೊಂದರಲ್ಲಿ ಅದು ಸುತ್ತಲಿನ ಮುಖಗಳನ್ನು ನೋಡಿ ಸುಮ್ಮನಾಗುತ್ತದೆ. ಎರಡನೆಯದು ಕಂಡರೆ ಕೂಡಲೇ ನಿಲ್ಲಿಸಿ, ಕೇಳಿದ್ದಕ್ಕೆ ಉತ್ತರ ಕೊಡಿ.

*

ರಷ್ಯದ ಮಕ್ಕಳ ಸಾಹಿತಿ ಕೊರ್ನೈ ಚುಕೊವ್‌ಸ್ಕಿ (1882–1969) ಮಕ್ಕಳ ಮಾತುಗಳನ್ನು ವರ್ಷಗಟ್ಟಲೆ ಬರೆದಿಟ್ಟುಕೊಂಡರು. ತಾಯಿತಂದೆಯರು ತಮ್ಮ ಮಕ್ಕಳ ಮಾತನ್ನು ಕಾಗದ ಬರೆದು ಕಳಿಸುತ್ತಿದ್ದರು. ಅದೆಲ್ಲ ಸೇರಿ 'ಎರಡರಿಂದ ಐದರವರೆಗೆ' ಎಂಬ ಪುಸ್ತಕವಾಯಿತು. ಆ ವಯಸ್ಸಿನ ಮಗು ಭಾಷೆಯಲ್ಲಿ ಮಾಡುವ ಕೆಲಸ ಮೇಧಾವಿಯ ಕೆಲಸವೆಂದು ಅವರು ನಂಬಿದ್ದರು. ಮಂಡ್ಯದ, ಧಾರವಾಡದ, ಕಲಬುರಗಿಯ, ಮಂಗಳೂರಿನ ಮಕ್ಕಳ ಕನ್ನಡವೂ ಹೀಗೆ ಕೂಡಿಬಂದರೆ ಅದಕ್ಕಿಂತ ಸೊಗಸಾದ ಪುಸ್ತಕ ಇನ್ನೊಂದಿರದು.

*

ಆದ್ದರಿಂದ ಒಂದು ಕೋರಿಕೆ. ಮನೆಯಲ್ಲಿ ಸಣ್ಣ ಮಗುವಿದ್ದರೆ ಇವತ್ತೇ ಒಂದು ನೋಟ್‌ಬುಕ್ ತನ್ನಿ. ತಾರೀಖು, ಮಗುವಿನ ವಯಸ್ಸು, ಆಡಿದ ಮಾತು, ಇಷ್ಟೇ ಬರೆಯಿರಿ. ಕನ್ನಡ ತಿದ್ದಬೇಡಿ, ಅಂದಗೊಳಿಸಬೇಡಿ, ಯಾರಿಗೂ ಹಂಚಬೇಡಿ. ಬರೆಯುವ ಮೊದಲು, ಕೇಳಿದ ಪ್ರಶ್ನೆಗೆ ಕೂತು ಉತ್ತರ ಹೇಳಿ. ಮಗು ದೊಡ್ಡದಾದ ಮೇಲೆ ಆ ಪುಸ್ತಕವನ್ನು ಅದರ ಕೈಗೇ ಕೊಡಿ. ಅದು ಅದರ ಆಸ್ತಿ.